ಲಕ್ಕುಂಡಿ ಇಳಿಯೋರು

ಒಂಬತ್ತು ವರ್ಷ ಒದರೇನಿ ಈ ಊರ ಹೆಸರ,
ದಿನಕ್ಕ ನಾಕು ಸಲ, ಹೋಗ್ತ ಎರಡು, ಬರ್ತ ಎರಡು:
ಲಕ್ಕುಂಡಿ ಇಳಿಯೋರು ಬಾಗಲಕ್ಕ ಬರ್ರಿ, ಲಗೂ ಲಗೂ.
ಇಳಿಸೇನಿ ಸಾಲಿ ಹುಡುಗರನ್ನ, ಕುರಿ ಎಣಿಸಿದಂಗ ಎಣಿಸಿ,
ಹೆಗಲಿಗೆ ಮೂರು ಕ್ಯಾಮೆರಾ ಹಾಕ್ಕೊಂಡ ಪರದೇಶದ ಮುದುಕನ್ನ,
ಲಗ್ನಕ್ಕೂ ಮೊದಲ ಫೋಟೋ ತಗಸಾಕ ಬಂದ ಜೋಡಿಗಳನ್ನ,
ಅವರ ಹಿಂದ ಬಿಳಿ ಕೊಡಿ ಹಿಡದ ಹುಡುಗನ್ನ.
ನಾ ಮಾತ್ರ ಇಳದಿಲ್ಲ.
ಫುಟ್‌ಬೋರ್ಡಿನಿಂದ ಕಂಡದ್ದಿಷ್ಟ:
ಚಹಾದಂಗಡಿ, ಪಂಚರ್ ತಿದ್ದಾವ, ಒಂದು ಪಾಟಿ,
ಪಾಟಿ ಮ್ಯಾಲೆ ಬಾಣ.

ಇವತ್ತ ವಾರದ ರಜಾ.
ಧನುರ್ಮಾಸ, ಲಗ್ನ ಇಲ್ಲ. ಪ್ರವಾಸದ ಬಸ್ಸು ಮುಗದಾವ.
ಹೊಸ ವರ್ಷದ ಗದ್ಲ ಆರಿ ಎಂಟು ದಿನ.
ಗದಗಿನಿಂದ ಮೊದಲನೇ ಗಾಡಿ, ದಾವಲಸಾಬನ ಗಾಡಿ,
ಕಿಡಕಿ ಸಂದ್ಯಾಗ ಥಂಡಿ, ಹೊಸ ಬ್ಲೇಡಿನಂಗ.
"ಏನವಾ, ಡ್ಯೂಟಿ ಇಲ್ಲದ ದಿನಾನೂ?" ಅಂದ.
ಇಳದೆ. ಚಟ ಬಿಡತೈತೇನು, ನೆಲದ ಮ್ಯಾಲೆ ನಿಂತು
ನಾಲಗಿ ಮಡಚಿ ಸೀಟಿ ಹೊಡದೆ. ಗಾಡಿ ಹೋತು.
ಅದರ ಸಪ್ಪಳ ಹ್ವಾದ ಮ್ಯಾಲೆ ಉಳದದ್ದು
ನನಗ ಗುರ್ತ ಇಲ್ಲದ ಊರು.

ಕಾಶಿವಿಶ್ವನಾಥನ ಗುಡಿ.
ಕಾವಲಿನಾವ ಹಳೆ ಸ್ವೆಟರಿನ್ಯಾಗ ಕೈ ಹುಗದು
ಬಿಸಲು ಎಲ್ಲಿ ಬೀಳತೈತಿ ಅಲ್ಲಿ ಕುರ್ಚಿ ಸರಿಸ್ತ ಹೊಂಟಾನ,
ಹೊತ್ತು ಏರಿದಂಗ ಒಂದೊಂದು ಮೊಳ.
ಎದರಾ ಬದರ ಎರಡು ಗುಡಿ, ಒಂದು ಶಿವಂದು, ಒಂದು ಸೂರ್ಯಂದು.
ಸೂರ್ಯನ ಗುಡಿಯೊಳಗ ಎಲ್ಲಾಕಿಂತ ಹೆಚ್ಚು ಥಂಡಿ.
ಮೂಡಲಕ್ಕ ಬೆನ್ನು ಕೊಟ್ಟು ನಿಂತೈತಿ ಅದು,
ಓಡೂ ಬಸ್ಸಿನ್ಯಾಗ ನಾ ಹಿಂಭಾಗಕ್ಕ ಮಾರಿ ಮಾಡಿ
ರೊಕ್ಕ ಎಣಿಸಿಕೋತ ನಿಂತಂಗ.

ಬಾಗಲ ಚೌಕಟ್ಟು ನೋಡಿದೆ. ಅಯ್ಯ,
ಇದು ಸೋಮವಾರದ ಎಂಟೂವರಿ ಗಾಡಿ!
ಕುಂತವರು, ನಿಂತವರು, ಒಬ್ಬರ ತೊಡಿ ಮ್ಯಾಲೆ ಒಬ್ಬರು,
ಬಳ್ಳಿ ಹಿಡದು ಜೋತವರು, ಮದ್ದಳಿ ಹೊತ್ತವರು,
ಆನಿಯೊಂದು ಸೀಟು ಬಿಟ್ಟುಕೊಡವಲ್ದು,
ಸಿಂಹದ ಮಾರಿ ಬಾಯಿ ತಕ್ಕೊಂಡು ಚಿಲ್ಲರ ಕೇಳತೈತಿ.
ಮಂದಿ ಇಲ್ಲದಾಗ ಬಂದೇನಿ ಅಂತ ತಿಳಕೊಂಡಿದ್ದೆ.
ಇಲ್ಲಿ ಬೊಟ್ಟು ಇಡಾಕ ಜಾಗ ಇಲ್ಲ.
ಬೆರಳು ತಾನ ಎಣಿಸಾಕ ಹತ್ತಿತು,
ಎಪ್ಪತ್ತೆರಡಕ್ಕ ತಪ್ಪಿತು, ಮತ್ತ ಮೊದಲಿಂದ.
ಮಾರಿ ಸವದವರು ಕೆಲವರು. ಅವರನ್ನೂ ಲೆಕ್ಕಕ್ಕ ಹಿಡದೆ.
ಮೂಗು ಹ್ವಾದಾಕಿಗೂ ಇಳಿಯೂ ಊರು ಇರತೈತಲ್ಲ.

ಮುಸುಕಿನ ಬಾವಿ. ಮೆಟ್ಲ ಮೆಟ್ಲಕ್ಕ ಥಂಡಿ ಬ್ಯಾರೆ.
ಫೋಟೋದಾಗ ಇಲ್ಲಿ ಯಾವಾಗಲೂ ಕೆಂಪು ಗೌನು ಹರವಿರತೈತಿ.
ಇವತ್ತ ನೀರಿನ ಮ್ಯಾಲೆ ಬೇವಿನೆಲಿ ಮೂರು,
ಒಂದು ಕಪ್ಪಿ, ಅದೂ ಸುಮ್ಮನ.
ಕೆಳಗ ನಿಂತು ಮೆಲ್ಲಕ ಅಂದೆ: ಲಕ್ಕುಂಡಿ.
ಒದರಲಿಲ್ಲ. ಒಂಬತ್ತು ವರ್ಷಕ್ಕ ಮೊದಲನೇ ಸಲ.
ಕಲ್ಲು ಅದನ್ನ ತಿರುಗಿ ಕೊಟ್ಟಿತು,
ಚಿಲ್ಲರದಂಗ, ಪೂರಾ.

ಹೊಳ್ಳಿ ಬರೂವಾಗ ದಾರ್ಯಾಗ ಒಬ್ಬಾಕಿ ಸಿಕ್ಳು,
ಫಕ್ಕೀರವ್ವ ಅಂತ, ಹೆಸರು ಆಕಿನ ಹೇಳಿದ್ಲು.
ನಸುಕಿನ್ಯಾಗ ಕಡ್ಲಿ ಗಿಡದ ಮ್ಯಾಲೆ ಅರಿವಿ ಎಳದು
ಇಬ್ಬನಿ ಹಿಂಡಿದ ಹುಳಿ, ಬಗಲಾಗ ಗಡಿಗಿ.
ನನ್ನ ಮಾರಿ ನೋಡಿ ತಡದ್ಲು:
"ನೀ ಬಸ್ಸಿನಾಕಿ ಅಲ್ಲೇನು? ನಮ್ಮೂರ ಹೆಸರ ದಿನಾ ಒದರಾಕಿ?
ಹೊಲದ ತನಕ ಕೇಳತೈತಿ. ಮಧ್ಯಾಹ್ನದ್ದು ಕೇಳಿದ ಮ್ಯಾಲೇನ
ನಾ ಬುತ್ತಿ ಬಿಚ್ಚೂದು."
ಏನು ಅನ್ನಬೇಕೋ ತಿಳೀಲಿಲ್ಲ.
ಅಂಗೈಯಾಗ ಒಂದಿಷ್ಟು ಹುಳಿ ಹನಿಸಿದ್ಲು,
ಹೊಟ್ಟಿಗೆ ಛಲೋ, ನೆಕ್ಕು, ಅಂದ್ಲು.
ಹಲ್ಲು ಜುಮ್ ಅಂದ್ವು. ಕಣ್ಣು ತಾವ ಮುಚ್ಚಿದ್ವು.
ಆಕಿ ನಕ್ಕಳು. ಆಕಿಗೆ ಮೂರ ಹಲ್ಲು.

ಮರುದಿನ ಏಳೂ ನಲವತ್ತರ ಗಾಡಿ,
ಕಾಲಾಗ ಎರಡು ಹಾಲಿನ ಕ್ಯಾನು,
ಸೊನ್ನೆ ರೂಪಾಯಿ ಟಿಕೀಟು ಹರದು ಹರದು ಹೆಬ್ಬೆರಳು ಮರಗಟ್ಟಿ,
ಪಾಟಿ ಬಂತು, ಬಾಣ ಬಂತು,
ಲಕ್ಕುಂ ಅನ್ನೂದ್ರೊಳಗ
ನಾಲಗಿ ಬುಡದಾಗ ನೀರು ಒಡದು ಮಾತು ತೊಯ್ತು.
ಕನ್ನಡ್ಯಾಗ ದಾವಲಸಾಬ ನೋಡಿದ.
ನುಂಗಿದೆ. ಮತ್ತ ಒದರಿದೆ,
ಹೊಲದ ತನಕ ಮುಟ್ಟೂ ಹಂಗ.