ಒಂಬತ್ತು ಪಾದ

ಸತ್ತವರ ಅಂಗಾಲಿಗೆ ಸೆಣಬಿನ ದಾರ ಹಿಡಿದು
ಹಿಮ್ಮಡದಿಂದ ಹೆಬ್ಬೆರಳ ತುದಿಗೆ ಒಂದು ಗಂಟು.
ಅಂಥ ಒಂಬತ್ತು ಅಳೆದರೆ ಒಂದು ಕುಣಿ.
ಬೆಟಗೇರಿಯ ಅರ್ಧ ಊರಿನ ಪಾದ
ನಮ್ಮಪ್ಪ ಅಡಿವೆಪ್ಪನ ಬೆರಳಿಗೆ ಬಾಯಿಪಾಠ.

ನೇಕಾರರ ಮನೆಯಿಂದ ಕರೆ ಬಂದರೆ ಅನ್ನುತ್ತಾನೆ,
"ಇವ್ರಿಗೇನ್ ಹೊಸಾದಲ್ಲ ಬಿಡು,
ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟss
ಬದುಕಿದ ಮಂದಿ."

ಮೂರು ಮೆಟ್ಟಿಲು, ಗೋಡೆಗೊಂದು ಗೂಡು,
ಕಾಲು ಮಡಚಿ ಕೂಡಿಸಿ ಎಡಗೈಗೆ ಲಿಂಗ,
ವಿಭೂತಿ, ಪತ್ರಿ, ಉಪ್ಪು.
ಕಂಪೌಂಡಿನಾಚೆ ದಾವಲಸಾಬ
ತಲೆ ಬಡಗಣಕ್ಕೆ, ಮುಖ ಪಡುವಣಕ್ಕೆ
ಮಲಗಿಸಿ ಹಲಗೆ ಹಾಸುತ್ತಾನೆ.
ಹಾರೆ ಒಂದೇ.
ಮೂಲದಲ್ಲಿ ಯಾರದ್ದೆಂದು ಇಬ್ಬರಿಗೂ ಮರೆತಿದೆ.

ನಾನು ಹತ್ತನೆಯ ವರ್ಗಕ್ಕೆ ವಿಜ್ಞಾನ ಹೇಳುತ್ತೇನೆ.
ಬೋರ್ಡಿನ ಮೇಲೆ ಸಾಲಾಗಿ ನಾಲ್ವರನ್ನು ಬರೆದೆ,
ಪೂರಾ ಬಗ್ಗಿದವ ಮೊದಲು,
ನೆಟ್ಟಗೆ ನಿಂತವ ಕೊನೆಗೆ.
ಹಿಂದಿನ ಬೆಂಚಿನ ನೀಲಗಂಗಾ ಎದ್ದು,
"ಟೀಚರ್, ಐದನೇದಂವ ಎಲ್ಲಿ?
ಮತ್ತ ಮಡಚಿಕೊಂಡು ಕುಂತಂವ?"
ವರ್ಗ ನಕ್ಕಿತು.
ಅವಳ ಮುತ್ಯಾ ಹೋಗಿ ಹನ್ನೊಂದು ದಿನ.
ದಾರ ಹಿಡಿದದ್ದು ನಮ್ಮಪ್ಪ.
ಆಗಲೇ ಗಂಟೆ ಬಾರಿಸಿತು ಅಂತ ಬರೆದರೆ ಚಂದ.
ಬಾರಿಸಲಿಲ್ಲ. ಇನ್ನೂ ಇಪ್ಪತ್ತು ನಿಮಿಷ ಇತ್ತು.

ಸಂಜೆ ಅಪ್ಪನಿಗೆ ತಿಳಿಸಿ ಹೇಳಿದೆ:
ಮಂಗನಿಂದ ನಾವು ಬಂದದ್ದಲ್ಲ,
ಮಂಗನಿಗೂ ನಮಗೂ ಮುತ್ಯಾ ಒಬ್ಬನೇ,
ಲಕ್ಷಗಟ್ಟಲೆ ವರ್ಷಗಳ ಹಿಂದೆ.
ಎಲೆಗೆ ಸುಣ್ಣ ಸವರುತ್ತ ಕೇಳಿದ,
"ಹಂಗಾರ ಆ ಮುತ್ಯಾನ್ನ
ಮಣ್ಣು ಮಾಡಿದವ್ರು ಯಾರವಾ?"

ಯಾರೂ ಇಲ್ಲಪ್ಪ.
ಹದ್ದು, ನರಿ, ಮಳೆ.
ಹಾಗೇ ಎಷ್ಟೋ ಕಾಲ.
ಆಮೇಲೆ ಯಾವಳೋ ಒಬ್ಬಳು,
ಗುಂಪು ಮುಂದೆ ಹೋದರೂ ಹೋಗಲಾರದೆ,
ಉಗುರಿನಿಂದ ನೆಲ ಕೆದರಿರಬೇಕು.
ಪುಸ್ತಕದಲ್ಲಿ ಅವಳ ಚಿತ್ರವಿಲ್ಲ.
ನಾವು ಶುರುವಾದದ್ದು ಅಲ್ಲಿಂದಲೋ ಏನೋ.
ಇದನ್ನು ಅಪ್ಪನಿಗೆ ಹೇಳಲಿಲ್ಲ.

ಚಹಾ ಕುಡಿಯಲು ಬಂದಿದ್ದ ದಾವಲಸಾಬ ಅಂದ,
"ಅಂವ ಮಣ್ಣಿನಿಂದ ಮಾಡಿದ,
ನಾವು ಮಣ್ಣು ಮಾಡ್ತೀವಿ. ಲೆಕ್ಕ ಚುಕ್ತಾ."
"ಎಲ್ಲೀ ಚುಕ್ತಾ?" ಅಪ್ಪ ಬಿಡಲಿಲ್ಲ,
"ಕುಣಿ ತುಂಬಿದ ಮ್ಯಾಲೂ
ನಾಕು ಬುಟ್ಟಿ ಉಳೀತೈತಲ್ಲೋ."
"ಇರ್ಲಿ ಬಿಡು. ಮಳಿಗಾಲ ಕಳದ್ರ ನೆಲ ಕುಸೀತೈತಿ,
ಆವಾಗ ಬೇಕss ಬೇಕು."

ಕಪ್ಪತಗುಡ್ಡದ ಕಡೆಯಿಂದ ಗಾಳಿ.
ಓಣಿಯಲ್ಲಿ ಒಂದೇ ಒಂದು ಮಗ್ಗ ಇನ್ನೂ ಬಡಿಯುತ್ತಿತ್ತು.
ಅಪ್ಪ ದಾರದ ಉಂಡೆ ನನ್ನ ಕಡೆ ಉರುಳಿಸಿ
ಕಾಲು ಚಾಚಿದ.
"ಎಡಗಾಲಿನ ಹೆಬ್ಬಟ್ಟು ಹಾರಿಗೆ ಹೋಗೇತಿ,
ಬಲಗಾಲು ಹಿಡಿ. ಮರೀಬ್ಯಾಡ.
ಇಲ್ಲಾಂದ್ರ
ಕುಂಡ್ರಾಕ ಇಕ್ಕಟ್ಟಾಗ್ತೈತಿ."