ಷರಾ

ಮಣ್ಣು ಚೀಲದಲ್ಲಿ ಬರುತ್ತದೆ ನಮ್ಮಲ್ಲಿಗೆ,
ಅರ್ಧ ಕೆಜಿ, ಒಳಗೊಂದು ಚೀಟಿ:
ಊರು, ಹೆಸರು, ಸರ್ವೆ ನಂಬರು, ಮುಂದೆ ಬಿತ್ತುವ ಬೆಳೆ.
ಮಾನ್ವಿಯದು ಎರೆ, ಲಿಂಗಸುಗೂರಿನದು ಮಸಾರಿ,
ಕಾಲುವೆ ಕೆಳಗಿನದು ಇನ್ನೂ ಬೆವರುತ್ತಿರುತ್ತದೆ.

ನನ್ನ ಕೆಲಸ, ಹಾಳೆಯ ಮೇಲೆ ಹರಡಿ ಒಣಗಿಸುವುದು,
ಕಟ್ಟಿಗೆ ಕೊಡತಿಯಿಂದ ಕುಟ್ಟುವುದು,
ಎರಡು ಮಿಲಿಮೀಟರಿನ ಜರಡಿ ಹಿಡಿಯುವುದು.
ಜರಡಿಯಲ್ಲಿ ಉಳಿದದ್ದು ಕಸ:
ಬೇರು, ಹರಳು, ಬಸವನಹುಳದ ಚಿಪ್ಪು,
ಓಡುವಂಥದ್ದು ಏನಾದರೂ ಇದ್ದರೆ ಅದೂ.

ಹನ್ನೊಂದು ವರ್ಷ ಕುಟ್ಟಿದೆ.
ಒಂದು ದಿನ ಸಿಂಧನೂರಿನ ಹಸಿ ಹೆಂಟೆ ಒಡೆದಾಗ
ಬಿಳಿ ಚುಕ್ಕೆಯೊಂದು ಇದ್ದಲ್ಲಿ ಇರಲಿಲ್ಲ.
ಸಣ್ಣ ರವೆಗಿಂತ ಸಣ್ಣದು,
ಚಿಟಿಕೆ ಹೊಡೆದಂತೆ ಸಿಡಿದು
ನನ್ನ ಹೆಬ್ಬೆರಳ ಉಗುರಿನ ಮೇಲೆ ಕೂತಿತ್ತು.
ಸಾಹೇಬರು ಒಂದು ಇಂಗ್ಲಿಷ್ ಹೆಸರು ಹೇಳಿದರು,
ಬಾಗಿಲು ದಾಟುವುದರೊಳಗೆ ಮರೆತೆ.
ಚಿಟಿಕೆವ್ವ ಅಂತ ಕರೆದೆ.
ಮಾತ್ರೆ ಡಬ್ಬಿಯಲ್ಲಿ ಮನೆಗೆ ತಂದೆ.

ರಾಯಚೂರಿನ ಬೇಸಿಗೆಯಲ್ಲಿ ಹಸಿಯಾದದ್ದನ್ನು ಸಾಕುವುದೆಂದರೆ
ಅಂಗೈಯಲ್ಲಿ ಬೆಣ್ಣೆ ಹಿಡಿದು ಬಸ್ಸಿಗೆ ನಿಂತಂತೆ.
ಶಕ್ತಿನಗರದಲ್ಲಿ ನಾಡಿಗೆಲ್ಲ ಕರೆಂಟು ಬೇಯುತ್ತದೆ,
ನಮ್ಮ ಫ್ಯಾನು ಮಧ್ಯಾಹ್ನ ಮೂರಕ್ಕೆ ಕಣ್ಣು ಮುಚ್ಚುತ್ತದೆ.
ಇಸ್ತ್ರಿಯವನ ಹತ್ತಿರ ಇದ್ದಿಲು ಬೇಡಿ
ಹಾರ್ಲಿಕ್ಸ್ ಬಾಟಲಿಗೆ ತುಂಬಿ, ನೀರು ಚಿಮುಕಿಸಿ,
ಮೂರೇ ಮೂರು ಅಕ್ಕಿಕಾಳು ಹಾಕಿ
ಹರವಿಯ ಬುಡದ ಹಸಿ ಉಸುಕಿನಲ್ಲಿ ಅರ್ಧ ಹೂತಿಟ್ಟೆ.
ಅಕ್ಕಿಗೆ ಬೂಸ್ಟು ಬಂತು.
ಹಾರ್ಲಿಕ್ಸಿನಲ್ಲಿ ಬೂಸ್ಟು! ನಗಬೇಡಿ,
ಅದನ್ನುಂಡೇ ಹತ್ತು ನೂರಾದವು.

ಆಮೇಲೆ ಚಟ ಬೆಳೆಯಿತು.
ಮೊದಲ ಮಳೆಯ ಸಂಜೆ ಕಂಬದ ದೀಪದ ಕೆಳಗೆ
ತನ್ನ ರೆಕ್ಕೆ ತಾನೇ ಕಿತ್ತು ಬಿಸಾಕುತ್ತಿದ್ದ ಗೊದ್ದದ ರಾಣಿ.
ಮೂತಿ ಒಡೆದ ಗಾಜಿನ ನಳಿಗೆ, ತಳಕ್ಕೆ ನೀರು,
ನಡುವೆ ಅರಳೆ, ಬಾಯಿಗೂ ಅರಳೆ.
ಹಾರಾಡಿಸುತ್ತಿದ್ದ ಮಾಂಸವನ್ನೇ ಕರಗಿಸಿ
ಮಕ್ಕಳಿಗೆ ಉಣಿಸಿದಳು, ತಾನು ತುತ್ತು ಮುಟ್ಟಲಿಲ್ಲ.
ನಾನು ಅವಳ ಮುಂದೆ ಮಂಡಕ್ಕಿ ತಿನ್ನಲು ನಾಚಿದೆ.

ಪಕ್ಕದ ಖತೀಜಾಬಿ:
"ಎಮ್ಮಿ ಕಟ್ಟಿದ್ರ ಹಾಲರ ಹಿಂಡಬಹುದಿತ್ತು.
ಇವೇನ್ ಕೊಡ್ತಾವ ಹುಲಿಗೆಮ್ಮ?"
ನನ್ನ ಗಂಡ ಹತ್ತಿ ಮಿಲ್ಲಿನ ರಾತ್ರಿ ಕಾವಲು.
ಬೆಳಗಿನ ಜಾವ ಬಂದವನೇ ಚಪ್ಪಲಿ ಬಿಡುವ ಮೊದಲು
ಬಾಟಲಿಗೆ ಬ್ಯಾಟರಿ ಬಿಟ್ಟು ನೋಡುತ್ತಾನೆ.
"ಎಲ್ಲಾ ಡ್ಯೂಟಿ ಮ್ಯಾಲ ಅದಾವ."

ಮೇ ತಿಂಗಳು. ಯಾದಗಿರಿಯಲ್ಲಿ ಮದುವೆ, ನಾಲ್ಕು ದಿನ.
ಬಂದು ನೋಡಿದರೆ ಹರವಿ ಬರಿದು, ಉಸುಕು ಬೂದಿ,
ಇದ್ದಿಲು ಅಲುಗಾಡಿಸಿದರೆ ಗಲಗಲ, ಅಷ್ಟೇ.
ಕೂತು ಅಳುವಷ್ಟು ದೊಡ್ಡದಲ್ಲ ಸತ್ತದ್ದು.
ಅಳಲಿಲ್ಲ. ತಂಬಿಗೆ ತೊಳೆದ ನೀರು
ರೂಢಿಯ ಮೇಲೆ ಅದಕ್ಕೇ ಸುರಿದೆ,
ದಿನಾಲೂ, ಸುಮ್ಮನೆ.

ಎಷ್ಟನೇ ದಿನವೋ, ಗಂಡ ಎಬ್ಬಿಸಿದ.
ಬ್ಯಾಟರಿ ಬೆಳಕಲ್ಲಿ ನೀರಿನ ಮೇಲೆ
ಹಿಟ್ಟು ಉದುರಿಸಿದಂತೆ, ಉಸಿರು ತಾಗಿದರೆ ಸರಿಯುವಷ್ಟು ಹಗುರ.
ಯಾವ ಇದ್ದಿಲ ಬಿರುಕಿನಲ್ಲಿ ಮೊಟ್ಟೆ ಅಡಗಿಸಿಟ್ಟಿದ್ದವೋ
ಖಬರಿಲ್ಲ.
ಅವನು ಎಣಿಸಲು ಹೋಗಿ ಏಳಕ್ಕೆ ತಪ್ಪಿದ.

ನಮ್ಮ ವರದಿಯಲ್ಲಿ ಖಾನೆಗಳಿವೆ.
ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್, ಸತು.
ಕೊನೆಯದು ಷರಾ. ಯಾವತ್ತೂ ಖಾಲಿ.
ಅದಕ್ಕೆ ಬರೆಯಬೇಕಾದದ್ದು ನನಗೆ ಗೊತ್ತು,
ಪೆನ್ನು ಮಾತ್ರ ಒಳಗಿನ ಕೋಣೆಯಲ್ಲಿದೆ.

ಈಗ ಹಸಿ ಚೀಲ ಬಂದರೆ
ಮೇಜಿಗೆ ಮೂರು ಸಲ ತಟ್ಟುತ್ತೇನೆ, ಬಾಗಿಲು ಬಡಿದಂತೆ.
ಚಹಾ ಆರುವವರೆಗೆ ಕಾಯುತ್ತೇನೆ.
ಬಂದವರು ಮಾತ್ರೆ ಡಬ್ಬಿಗೆ.
ಬಾರದವರ ಮೇಲೆ ಕೊಡತಿ ಬೀಳುತ್ತದೆ,
ನನಗೆ ಸಂಬಳ ಬರುವುದು ಅದಕ್ಕೇ.