ಬಡಿದು ನೋಡುವುದು

ಗಡಿಗೆ ಕೊಳ್ಳುವವರ ಹಾಗೆ
ಬೆರಳ ಗೆಣ್ಣು ಮಡಿಸಿ ವ್ಯಾನಿನ ಮೈಯೆಲ್ಲ ಬಡಿದ ಜಬೀವುಲ್ಲಾ.
ಬಾಗಿಲು: ಟಂಣ್.
ನೆತ್ತಿ: ಊರಿಗೆಲ್ಲ ಡಂಗುರ.
ಹಿಂಚಕ್ರದ ಮೇಲಿನ ಡುಬ್ಬ ಸದ್ದು ಮಾಡಲಿಲ್ಲ, ಗೊಣಗಿತು.
"ಇಪ್ಪತ್ತಾರು ವರ್ಷದ ಓಮ್ನಿ, ತಿಪ್ಪೇಶಿ,
ತಗಡು ಹಪ್ಪಳ ಆಗೈತೆ. ಹಾಡದೆ ಇರ್ತೈತಾ?"

ಹಾಡಿದರೆ ನನಗೇನೂ ಬೇಸರವಿರಲಿಲ್ಲ.
ಮಂಡಕ್ಕಿ ಹೇರುತ್ತಿದ್ದ ಕಾಲದಲ್ಲಿ
ಚೀಲಗಳು ತಕರಾರು ಮಾಡುತ್ತಿರಲಿಲ್ಲ.
ಈಗ ವಾರಕ್ಕೆ ಮೂರು ಸಲ ಜಗಳೂರಿನಿಂದ ದಾವಣಗೆರೆಗೆ
ಡಯಾಲಿಸಿಸ್‌ನವರು, ನಾಲ್ಕು ಜನ.
ಹೋಗುವಾಗ ಮಾತು, ಬೈಗುಳ, ಎಲೆಅಡಿಕೆಯ ಆಸೆ.
ಬರುವಾಗ ಒಗೆದು ಹಿಂಡಿದ ಬಟ್ಟೆ.
ಕಣ್ಣು ಮುಚ್ಚಿದರೆ ಅಣಜಿ ದಾಟುವ ಮೊದಲೇ
ತಗಡು ಎಬ್ಬಿಸಿ ಕೂರಿಸುತ್ತದೆ.

ಅಂಗಡಿಯವನು ಎರಡು ಬಗೆ ತೋರಿಸಿದ.
ಒಂದು ಟಾರಿನ ಹಾಳೆ. ಅರ್ಧ ರೇಟು.
ಮೂಸಿದರೆ ಆಗತಾನೆ ಹಾಕಿದ ರಸ್ತೆ.
ಇನ್ನೊಂದು ಬ್ಯುಟೈಲು, ಎರಡು ಮಿಲಿಮೀಟರ್ ದಪ್ಪ,
ಬೆನ್ನಿಗೆ ಬೆಳ್ಳಿ ಕಾಗದ.
"ಏಪ್ರಿಲ್ ಬಿಸಿಲಾಗೆ ಟಾರು ಬೆಲ್ಲದ ಪಾಕ ಕಣೋ,
ನೆತ್ತಿಯಿಂದ ಜಾರಿ ಯಾರದಾದ್ರೂ ತುರುಬಿಗೆ ಇಳೀತೈತೆ."
ಬ್ಯುಟೈಲನ್ನು ಮೂಗಿಗೆ ಹಿಡಿದೆ. ವಾಸನೆಯಿಲ್ಲ.
ವಾಕರಿಸುತ್ತ ಗಾಡಿ ಹತ್ತುವವರಿಗೆ ಅದೂ ಒಂದು ಲೆಕ್ಕ.
ಹದಿನಾಲ್ಕು ಹಾಳೆ ಸಾಕು ಅಂದ.
ನನಗೋ ಇಡೀ ಗಾಡಿ ಮುಚ್ಚುವ ಹುಚ್ಚು.
"ಕೌದಿ ಹೊದಿಸ್ತೀಯೇನು? ಎಂಟುನೂರು ಸಿಸಿ ಪ್ರಾಣಿ ಅದು, ಎಳೀಬೇಕಲ್ಲ.
ತಮಟೆ ಬಾಯಿ ಮುಚ್ಚಿಸೋಕೆ ನಡುವಿಗೆ ಅಂಗೈ ಇಟ್ರೆ ಆತು."

ಸೀಟು ಬಿಚ್ಚಿದೆವು. ಮ್ಯಾಟಿನಡಿ
ಮುಗ್ಗಿದ ಮಂಡಕ್ಕಿ, ನಾಲ್ಕಾಣೆ, ಖಾಲಿ ಮಾತ್ರೆಯ ಹಾಳೆ, ಒಂದು ಹೇರ್‌ಪಿನ್ನು.
ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಕೆರೆದು
ಕೆಂಪು ಪ್ರೈಮರ್ ಹಚ್ಚಿ, ರಾತ್ರಿ ಒಣಗಲು ಬಿಟ್ಟು,
ಬೆಳಿಗ್ಗೆ ಸ್ಪಿರಿಟ್ಟಿನಲ್ಲಿ ಒರೆಸಿದೆವು.
ಜಿಡ್ಡಿದ್ದಲ್ಲಿ ಅಂಟೂ ನಂಟರ ಹಾಗೆ: ಮೂರು ದಿನ.
ಬಾಗಿಲ ಕೆಳತುದಿಯ ತೂತು ಮಾತ್ರ ಮುಚ್ಚಬಾರದು,
ಒಳಗಿಳಿದ ಮಳೆಗೆ ಹೊರಗೆ ಹೋಗಲು ಇರುವುದು ಅದೊಂದೇ ದಾರಿ.

ಹಿಂಬದಿಯ ಕಾಗದ ಸುಲಿದ ಮೇಲೆ
ಇಟ್ಟಿದ್ದೇ ಜಾಗ. ಕಿತ್ತು ಇಡುವ ಮಾತಿಲ್ಲ.
ಮೊದಲ ಹಾಳೆ ಸೊಟ್ಟ ಕೂತಿತು; ಇವತ್ತಿಗೂ ಸೊಟ್ಟ.
ರೋಲರ್ ಒತ್ತಿ ಒತ್ತಿ
ಬೆಳ್ಳಿಯ ಮೇಲಿನ ಉಬ್ಬುಗೆರೆ ಸಪಾಟಾಗುವ ತನಕ
ನಡುವಿನಿಂದ ಅಂಚಿಗೆ ಗಾಳಿಯನ್ನು ಅಟ್ಟಬೇಕು.
ರೊಟ್ಟಿ ತಟ್ಟುವ ಕೈಗಾದರೆ ಗೊತ್ತಿರುತ್ತಿತ್ತು.
ನನ್ನ ಕೈಗೆ ಗೊತ್ತಾದದ್ದು
ಬೆಳ್ಳಿ ಅಂಚು ಹೆಬ್ಬೆರಳು ಕುಯ್ದಾಗ.

ಸಂಜೆ ಮತ್ತೆ ಬಡಿದ ಜಬೀವುಲ್ಲಾ.
ದಬ್.
ಕರೆದರೆ ಒಂದೇ ಸಲ ಓಗೊಟ್ಟು
ಮತ್ತೆ ತನ್ನ ಕೆಲಸಕ್ಕೆ ಹೋಗುವವನ ಹಾಗೆ.

ಸೋಮವಾರ ವಾಪಸು ಬರುವಾಗ
ಅಂಜಿನಪ್ಪ ಗೊರಕೆ. ಅವನ ಮಗ್ಗುಲಲ್ಲಿ ಬೋರಯ್ಯ, ಬಾಯಿ ತೆರೆದು.
ಓಬಳೇಶ ಮೇಷ್ಟ್ರು ನಿದ್ದೆಯಲ್ಲೇ ಹಾಜರಿ ಕೂಗಿದರು,
ಯಾವ ಕಾಲದ ಹುಡುಗರೋ.
ಅಣಜಿ ಹೋಯಿತು, ಬಿಳಿಚೋಡು ಹೋಯಿತು,
ಗೇರು ಬದಲಿಸಿದ್ದು ನನಗೇ ಕೇಳಿಸಲಿಲ್ಲ.
ಸ್ಟೇರಿಂಗಿನ ಹಿಂದೆ ಒಬ್ಬನೇ ಬೀಗಿದೆ.

ಇಳಿಯುವಾಗ ಹೊನ್ನೂರಮ್ಮ
ಹಿಡಿದ ಕೈ ಬಿಡಲಿಲ್ಲ.
"ಚಲೋ ಆತಪ್ಪ, ಎಲ್ರಿಗೂ ನಿದ್ದೆ ಬಂತು.
ಮೊದಲಾದ್ರೆ ಈ ಗಾಡಿ ಗದ್ದಲದಾಗೆ
ಅಣಜಿಯಿಂದ ಊರ ತನಕ ಅತ್ತರೂ
ಒಬ್ಬರಿಗೂ ಕೇಳ್ತಿರಲಿಲ್ಲ ನೋಡು."

ನಾಲ್ಕು ಸಾವಿರದ ಇನ್ನೂರು ರೂಪಾಯಿ ಕೊಟ್ಟು
ಒಬ್ಬಾಕೆಯ ಮರೆ ಕಿತ್ತಿದ್ದೆ.

ಬುಧವಾರ ಅವಳ ಪಕ್ಕದ ಗಾಜು
ಎರಡು ಬೆರಳಷ್ಟು ಸರಿಸಿಟ್ಟೆ.
ಗಾಳಿ ನುಗ್ಗಿ ಬೊಬ್ಬೆ ಹೊಡೆಯಿತು, ಆ ಮೂಲೆಯಲ್ಲಿ ಮಾತ್ರ.
"ಧೂಳು, ಮುಚ್ಚಯ್ಯ" ಅಂದರು ಮೇಷ್ಟ್ರು.
ಸಿಕ್ಕಿಹಾಕಿಕೊಂಡಿದೆ ಸಾರ್, ಸರಿಯೋದಿಲ್ಲ ಅಂದೆ.
ಅಣಜಿಯ ನಂತರ ಕನ್ನಡಿ ನೋಡಲಿಲ್ಲ.

ಜಬೀವುಲ್ಲಾ ಕೇಳುತ್ತಾನೆ, ಗಾಳಿ ಸದ್ದು ಎಲ್ಲಿಂದ ಬರ್ತೈತೋ,
ರಬ್ಬರ್ ಬೀಡಿಂಗ್ ಬದಲಿಸೋಣ ಬಾ ಅಂತ.
ನಾಳೆ ನೋಡೋಣ ಅನ್ನುತ್ತೇನೆ.
ಸೀಟಿನಡಿ ಅರ್ಧ ಹಾಳೆ ಉಳಿದಿದೆ,
ಕಾಗದ ಸುಲಿದಿಲ್ಲ.